ಪದ ಬೇಕಿದೆ, ಅರ್ಜೆಂಟ್: ಶಾರ್ಕಿನ ಊಟದ ಮಾತುಗಳು

ಮಡಿಕೇರಿಯಿಂದ:

ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು. ಶಾಲೆಯ ವಿಜ್ಞಾನ ಮೇಳಕ್ಕೆ ಶಾರ್ಕ್ ಬಗ್ಗೆ ಬೋರ್ಡ್ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಮೂರು ಪದ ಸಿಗುತ್ತಿಲ್ಲ: ಅಪೆಕ್ಸ್ ಪ್ರಿಡೇಟರ್, ಫಿಲ್ಟರ್ ಫೀಡರ್, ಸ್ಕ್ಯಾವೆಂಜರ್. ಬೋರ್ಡಿನಲ್ಲಿ ಈ ಪದಗಳು ಬರುವ ಜಾಗ ಹೀಗಿದೆ. ಟೈಗರ್ ಶಾರ್ಕ್ ಈ ಮೂರರಲ್ಲಿ ಮೊದಲನೆಯದು, ಕಡಲಿನ ಅಪೆಕ್ಸ್ ಪ್ರಿಡೇಟರ್. ವೇಲ್ ಶಾರ್ಕ್ ಎರಡನೆಯದು. ಮೀನುಗಳಲ್ಲೇ ದೊಡ್ಡದು, 12 ಮೀಟರ್ ದಾಟಿ ಬೆಳೆಯುತ್ತದೆ, ಆದರೂ ಬಾಯಿ ತೆರೆದು ನೀರು ಎಳೆದುಕೊಂಡು, ಕಿವಿರಿನ ಹತ್ತಿರದ ಜಾಲರಿಯಲ್ಲಿ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು), ಮೀನಿನ ಮೊಟ್ಟೆ ಉಳಿಸಿಕೊಂಡು ನೀರನ್ನು ಹೊರಗೆ ಬಿಡುತ್ತದೆ. ಸತ್ತ ತಿಮಿಂಗಿಲ ತೇಲುತ್ತಿದ್ದರೆ ಬಿಳಿ ಶಾರ್ಕ್ ಮೂರನೆಯದು. 'ಅಗ್ರ ಪರಭಕ್ಷಕ' ನನಗೂ ಗೊತ್ತು, ಹೇಳಬೇಡಿ. ಏಳನೇ ಕ್ಲಾಸಿನ ಮಕ್ಕಳು ಬಂದವರ ಮುಂದೆ ಬಾಯಿಬಿಟ್ಟು ಹೇಳಬೇಕು.

ಕುಶಾಲನಗರದಿಂದ:

ಮೊದಲು ಪ್ರಾಣಿಗೆ ಹೆಸರಿಡಿ. ತಿಮಿ ಅಂದರೆ ದೊಡ್ಡ ಮೀನು. ತಿಮಿಯನ್ನು ನುಂಗುವುದು ತಿಮಿಂಗಿಲ. ಅದನ್ನೂ ನುಂಗುವುದು ತಿಮಿಂಗಿಲಗಿಲ. ಆಹಾರ ಸರಪಳಿ ಪೂರ್ತಿ ಒಂದೇ ಪದದಲ್ಲಿ ಕೂತಿದೆ, ಇನ್ನೇನು ಬೇಕು? ಅಪೆಕ್ಸ್ ಪ್ರಿಡೇಟರ್ ಅಂದರೆ ತಿಮಿಂಗಿಲಗಿಲ. ಮುಗೀತು.

ವಿರಾಜಪೇಟೆಯಿಂದ:

ಮುಗೀಲಿಲ್ಲ. ಆ ಮಕ್ಕಳಿಗೆ ಗಿಲಗಿಲ ಅಂದರೆ ಗಿಲಕಿ. ಶಾರ್ಕಿಗೆ ಹೆಸರು ಇದ್ದೇ ಇದೆ ಸ್ವಾಮಿ. ಮಂಗಳೂರು ಕಡೆ ತಾಟೆ. ನಮ್ಮ ಮಾರ್ಕೆಟ್ಟಿಗೆ ಕಣ್ಣೂರು ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ಬರುವುದು ಸ್ರಾವ್. ಮಳೆಗಾಲಕ್ಕೆ ಒಣಗಿದ ತುಂಡು ತಂದಿಟ್ಟುಕೊಳ್ಳುತ್ತೇವೆ, ಮೈತುಂಬ ಉಪ್ಪಿನ ಹರಳು, ನೆನೆಸಿ ಒಂದೆರಡು ನೀರು ಚೆಲ್ಲದಿದ್ದರೆ ಸಾರು ಬಾಯಿಗಿಡುವ ಹಾಗಿಲ್ಲ. ತಿನ್ನುವವರಿಗೆ ಹೆಸರು ಗೊತ್ತಿದೆ. ಬರೆಯುವವರಿಗೆ ಅಮರಕೋಶ ಬೇಕು.

ಸೋಮವಾರಪೇಟೆಯಿಂದ:

ಸಂಸ್ಕೃತ ಬಿಟ್ಟು ಯೋಚಿಸಿ, ತಾನಾಗಿ ಬರುತ್ತದೆ. ಮೇಲ್‌ಬೇಟೆಗ, ಸೋಸುಣಿ, ಹೆಣತಿನಿ. ಮೂರೂ ಅಚ್ಚ ಕನ್ನಡ, ಒಂದು ಮಹಾಪ್ರಾಣವೂ ಇಲ್ಲ. ಸಸ್ತನಿಗೆ ಮೊಲೆಯೂಡಿ ಅಂದಾಗಲೂ ಇದೇ ಜನ ನಕ್ಕರು.

ಕುಶಾಲನಗರದಿಂದ:

ಈಗಲೂ ನಗುತ್ತಿದ್ದೇವೆ. ಬೇಟೆಗಾರ ಇರುವಾಗ ಬೇಟೆಗ ಯಾಕೆ?

ಸೋಮವಾರಪೇಟೆಯಿಂದ:

'ಗಾರ' ಬಂದಿದ್ದು ಸಂಸ್ಕೃತದ 'ಕಾರ'ದಿಂದ.

ವಿರಾಜಪೇಟೆಯಿಂದ:

ಹಾಗಾದರೆ ಹೂಗಾರ, ಬಳೆಗಾರ, ಮೋಸಗಾರ ಎಲ್ಲರನ್ನೂ ಗಡಿ ದಾಟಿಸಿ. ನಮ್ಮ ಕಾಫಿ ತೋಟಗಳಲ್ಲಿ ಪಲ್ಪರ್, ರೋಬಸ್ಟಾ, ಲೈನ್‌ಮನೆ, ರೈಟರ್ ಅಂದುಕೊಂಡೇ ಬೆಳಗಾಗುತ್ತದೆ, ಪಲ್ಪರಿಗೆ ಕನ್ನಡ ಕೊಡಿ ಅಂತ ಯಾವ ಬೆಳೆಗಾರರೂ ನಿಮ್ಮ ಬಾಗಿಲು ತಟ್ಟಿಲ್ಲ. ಕಾಫಿ ಕುಡಿಯುತ್ತಾ ಶಾರ್ಕಿನ ಮೇಲೆ ಮಡಿ ಯಾಕೆ?

ಪೊನ್ನಂಪೇಟೆಯಿಂದ:

ಪಾಠ ಮಾಡುವವಳು ನಾನು, ಸ್ವಲ್ಪ ಪ್ರಾಣಿಯ ಕಡೆಗೂ ನೋಡೋಣ. ಅಪೆಕ್ಸ್ ಪ್ರಿಡೇಟರ್ ಅಂದರೆ ಜಾಸ್ತಿ ಕೊಲ್ಲುವವನು ಅಂತಲ್ಲ, ಅದನ್ನು ಮಾಮೂಲಿಯಾಗಿ ಬೇಟೆಯಾಡುವ ಇನ್ನೊಂದು ಪ್ರಾಣಿ ಇಲ್ಲ ಅಂತ. ಅದರ ಅರ್ಧ ಕೆಲಸ ಹೆದರಿಕೆಯಿಂದಲೇ ಆಗುತ್ತದೆ. ಆಸ್ಟ್ರೇಲಿಯಾದ ಪಶ್ಚಿಮ ತೀರದಲ್ಲಿ ಶಾರ್ಕ್ ಬೇ ಅಂತ ಇದೆ. ಅಲ್ಲಿ ಟೈಗರ್ ಶಾರ್ಕ್ ಓಡಾಡುವ ಹೊತ್ತಿಗೆ, ಕಡಲಹುಲ್ಲು ಮೇಯುವ ದೊಡ್ಡ ಸಸ್ತನಿಗಳಾದ ಡುಗಾಂಗ್‌ಗಳು ಸೊಂಪಾಗಿ ಹುಲ್ಲಿರುವ ಆಳವಿಲ್ಲದ ಜಾಗ ಬಿಟ್ಟು, ಮೇವು ಕಡಿಮೆಯಾದರೂ ತಪ್ಪಿಸಿಕೊಳ್ಳಲು ಸುಲಭವಾದ ಅಂಚಿಗೆ ಹೋಗುತ್ತವೆ. ಆಮೆಗಳೂ ಹುಷಾರಾಗುತ್ತವೆ. ಶಾರ್ಕ್ ಒಂದನ್ನೂ ಹಿಡಿಯದಿದ್ದರೂ ಕಡಲಹುಲ್ಲು ಉಳಿಯುತ್ತದೆ. 'ಕಡಲಿನ ಕೊಲೆಗಾರ' ಅಂತ ಬರೆದರೆ ಇದೆಲ್ಲ ಹೋಯಿತು. ಬೇಟೆಗಾರ ಸಾಕು, ಕೊಡಗಿನಲ್ಲಿ ಆ ಪದಕ್ಕೆ ಅರ್ಥ ಹೇಳಿಕೊಡಬೇಕೇ?

ಸ್ಕ್ಯಾವೆಂಜರಿಗೆ 'ಜಾಡಮಾಲಿ' ಅಂತ ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ, ಬೇಡ. ಅದು ಮನುಷ್ಯರನ್ನು ಕೀಳಾಗಿಸಿ ಕರೆದ ಹೆಸರು, ಮೀನಿಗೂ ಬೇಡ. 'ಹೆಣತಿನಿ'ಯೂ ಸರಿಯಿಲ್ಲ, ಬಿಳಿ ಶಾರ್ಕ್ ಸೀಲ್ ಬೇಟೆಯಾಡಿಯೂ ಬದುಕುತ್ತದೆ, ಹೆಣ ಸಿಕ್ಕಿದರೆ ಬಿಡುವುದಿಲ್ಲ ಅಷ್ಟೇ. ಅದು ಜಾತಿಯ ಹೆಸರಲ್ಲ, ಆ ಹೊತ್ತಿನ ಕೆಲಸ.

ಬೋರ್ಡಿನಲ್ಲಿ 'ಎಲ್ಲ ಶಾರ್ಕ್‌ಗಳೂ ಮಾಂಸಾಹಾರಿ' ಅಂತ ಇದ್ದರೆ ಅದನ್ನೂ ತೆಗೆಯಿರಿ. ಬಾನೆಟ್‌ಹೆಡ್ ಅನ್ನುವ ಸಣ್ಣ ಸುತ್ತಿಗೆತಲೆ ಶಾರ್ಕ್ ಏಡಿಯ ಜೊತೆ ಕಡಲಹುಲ್ಲನ್ನೂ ತಿಂದು ಅರಗಿಸಿಕೊಳ್ಳುತ್ತದೆ, 2018ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ತೋರಿಸಿತು. ಇನ್ನೊಂದು, 'ಶಾರ್ಕ್ ಹೋಯಿತು, ತೊರಕೆ (ರೇ ಮೀನು) ಹೆಚ್ಚಿತು, ಚಿಪ್ಪಿನ ಮೀನುಗಾರಿಕೆ ಮುಳುಗಿತು' ಅನ್ನುವ ಅಮೆರಿಕದ ಕಥೆ 2007ರಲ್ಲಿ ಬಂದು ಎಲ್ಲ ಕಡೆ ಓಡಾಡಿತು. 2016ರಲ್ಲಿ ಬೇರೆಯವರು ಅದೇ ಲೆಕ್ಕಗಳನ್ನು ತಿರುಗಿ ನೋಡಿ ಹೊಂದಿಕೆಯಾಗುವುದಿಲ್ಲ ಅಂದರು. ಅದನ್ನು ಬಿಡಿ. ತೆರೆದ ಕಡಲಿನ ಶಾರ್ಕ್ ಮತ್ತು ತೊರಕೆಗಳು 1970ರಿಂದ ಶೇ. 71ರಷ್ಟು ಕಡಿಮೆಯಾಗಿವೆ, ಮುಖ್ಯ ಕಾರಣ ಅತಿಯಾದ ಮೀನುಗಾರಿಕೆ. ಹಾಕುವುದಾದರೆ ಇದನ್ನು ಹಾಕಿ.

ಸೋಮವಾರಪೇಟೆಯಿಂದ:

'ಸೋಸುಣಿ' ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಗಮನಿಸಿ.

ವಿರಾಜಪೇಟೆಯಿಂದ:

ಯಾರಿಗೂ ಅರ್ಥವಾಗಿಲ್ಲ, ಅದಕ್ಕೆ.

ಮಡಿಕೇರಿಯಿಂದ:

ಸಾಕು, ಸುಮ್ನೆ ಜಗಳ ಬೇಡ. ಟೈಗರ್ ಶಾರ್ಕ್ 'ಅಗ್ರ ಬೇಟೆಗಾರ'. ವೇಲ್ ಶಾರ್ಕ್ 'ಸೋಸಿ ತಿನ್ನುವ ಮೀನು'. ಬಿಳಿ ಶಾರ್ಕ್ 'ಸತ್ತದ್ದನ್ನೂ ತಿನ್ನುತ್ತದೆ', ಅಲ್ಲಿ ನಾಮಪದವೇ ಬೇಡ. ಮೇಲೆ ದೊಡ್ಡದಾಗಿ ಶಾರ್ಕ್, ಕೆಳಗೆ ಸಣ್ಣದಾಗಿ ತಾಟೆ, ಸ್ರಾವ್. ಪೊನ್ನಂಪೇಟೆಯವರು ಹೇಳಿದ ಡುಗಾಂಗ್ ವಿಷಯಕ್ಕೆ ಬೇರೆ ಬೋರ್ಡೇ ಮಾಡುತ್ತಿದ್ದೇನೆ.

ಕುಶಾಲನಗರದಿಂದ:

'ಅಗ್ರ' ಸಂಸ್ಕೃತ, 'ಬೇಟೆ' ಕನ್ನಡ. ಅರಿಸಮಾಸ.

ಮಡಿಕೇರಿಯಿಂದ:

ಗೊತ್ತು. ಫೈಲ್ ಹೋಯಿತು.