ಅಪ್‌ಡೇಟ್: ಇಂಗ್ಲಿಷ್ ಕಾದಂಬರಿ ಓದಲು ಪದ ಕಲಿಯುವುದು ಹೇಗೆ ಅಂತ ಕೇಳಿದ್ದೆ

ಕುಂಬಳೆಯವನು ನಾನು, ಕನ್ನಡ ಮಾಧ್ಯಮ. ಪೇಪರ್ ಓದುವಷ್ಟು ಇಂಗ್ಲಿಷ್ ಬರುತ್ತದೆ, ಹಳೇ ಕಾದಂಬರಿ ಹಿಡಿದರೆ ಮಾತ್ರ ಪ್ರತಿ ಪುಟದಲ್ಲೂ ತಡವರಿಸುತ್ತೇನೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ.

ಜಾಸ್ತಿ ಜನ ಜಿಆರ್‌ಇ ಪಟ್ಟಿ (ವಿದೇಶದಲ್ಲಿ ಉನ್ನತ ಓದಿಗೆ ಬರೆಯುವ ಪರೀಕ್ಷೆಯ ಕಷ್ಟದ ಪದಗಳು) ಬಾಯಿಪಾಠ ಮಾಡಿ ಅಂದಿರಿ. ಅದು ನನಗೆ ಆಗಲಿಲ್ಲ. ಪುಸ್ತಕದಲ್ಲಿ ಸಿಗುವ ಹೊತ್ತಿಗೆ ಮರೆತೇ ಹೋಗಿರುತ್ತದೆ.

ಒಬ್ಬರು ಹೇಳಿದ್ದು ಚೆನ್ನಾಗಿ ಹಿಡಿಯಿತು: ಒಬ್ಬನೇ ಲೇಖಕನ ಪುಸ್ತಕಗಳನ್ನು ಸಾಲಾಗಿ ಓದುವುದು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಥಾಮಸ್ ಹಾರ್ಡಿ ಶುರು ಮಾಡಿದೆ, ಹಳೇ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪ್ರತಿ ಲೇಖಕನಿಗೂ ಅವನದೇ ಇಷ್ಟದ ಪದಗಳಿರುತ್ತವೆ, ಅವೇ ತಿರುಗಿ ತಿರುಗಿ ಬರುತ್ತವೆ, ಹಾಗಾಗಿ ಎರಡನೇ ಪುಸ್ತಕದಲ್ಲಿ ಡಿಕ್ಷನರಿ ತೆರೆಯುವುದು ಎಷ್ಟೋ ಕಡಿಮೆಯಾಯಿತು. ಎರಡನೇ ಸಲ ಎದುರಾದ ಪದವನ್ನಷ್ಟೇ ಇಡೀ ವಾಕ್ಯದ ಸಮೇತ, ಆಗಾಗ ಮತ್ತೆ ಕೇಳಿ ನೆನಪಿಡಿಸುವ ಆಂಕಿ ಆ್ಯಪ್‌ಗೆ ಹಾಕುತ್ತೇನೆ. ಹಳ್ಳಿಯವರ ಆಡುಮಾತು ಬಂದರೆ ಸುಮ್ನೆ ದಾಟಿ ಹೋಗುತ್ತೇನೆ.

ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಕಾದಂಬರಿಯ ಶೇ. 98ರಷ್ಟು ಪದ ಗೊತ್ತಿರಬೇಕಾದರೆ 8,000ದಿಂದ 9,000 ಪದಕುಟುಂಬ ಬೇಕಂತೆ, ಅಂದರೆ ಒಂದು ಮೂಲಪದ ಮತ್ತು ಅದರ ರೂಪಗಳು ಸೇರಿ ಒಂದು. ನೂರಕ್ಕೆ ಎರಡು ಬಿಟ್ಟರೂ ಓದು ನಡೆಯುತ್ತದೆ ಅಂತಾಯ್ತು, ನನಗಂತೂ ಅಷ್ಟಕ್ಕೇ ಧೈರ್ಯ ಬಂತು.

ಹಾರ್ಡಿ ಆದ ಮೇಲೆ ಕಾನ್ರಾಡ್‌ಗೆ ಹೋಗಬಹುದಾ, ಅಥವಾ ಜಾರ್ಜ್ ಎಲಿಯಟ್ ಮೊದಲಾ? ಓದಿದವರು ಹೇಳಿ.