ಸಹಾಯ ಬೇಕು: ಗೋವಿನಜೋಳದ ಸೈನಿಕ ಹುಳು ಔಷಧಿಗೆ ಜಗ್ಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ತಾಲೂಕಿನ ಬನವಾಸಿ ಕಡೆ. ಗೋವಿನಜೋಳಕ್ಕೆ ಸೈನಿಕ ಹುಳು ಬಿದ್ದಿದೆ. ತಲೆ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ನಾಲ್ಕು ಚುಕ್ಕೆ. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಂಡ ಹುಳು ಇದೇ, ಅನುಮಾನ ಬೇಡ.

ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ, ಲೀಟರಿಗೆ 0.4 ಮಿಲಿ ಹಾಕಿ, ಸಂಜೆ ಹೊತ್ತು ಸುಳಿಯೊಳಗೇ ಬೀಳುವ ಹಾಗೆ ಹೊಡೆದೆವು. ಸಣ್ಣ ಮರಿಗಳು ಸತ್ತವು. ದೊಡ್ಡವು ಹಿಕ್ಕೆ ಮುಚ್ಚಿಕೊಂಡು ಸುಳಿಯಲ್ಲಿ ಆರಾಮಾಗಿವೆ! ಮತ್ತೆ ಹೊಡೆದರೂ ಅಷ್ಟೇ.

ಅಂಗಡಿಯವರು ಈಗ ಫ್ಲೂಬೆಂಡಿಯಮೈಡ್ ಒಯ್ಯಿರಿ ಅಂತಾರೆ. ಆದರೆ ಕೀಟನಾಶಕಗಳನ್ನು ಕೆಲಸ ಮಾಡುವ ರೀತಿ ನೋಡಿ ಗುಂಪು ಮಾಡಿದ್ದಾರಲ್ಲ, ಅದರಲ್ಲಿ ಎರಡೂ 28ನೇ ಗುಂಪಿನವು, ಹುಳದ ಸ್ನಾಯುವಿನಲ್ಲಿ ಒಂದೇ ಜಾಗಕ್ಕೆ ಹೊಡೆತ ಕೊಡುತ್ತವೆ. ಒಂದಕ್ಕೆ ಒಗ್ಗಿದ ಹುಳು ಇನ್ನೊಂದಕ್ಕೂ ಸಾಯದೇ ಇರಬಹುದು ಅಲ್ವಾ? ಸುಮ್ನೆ ಡಬ್ಬಿ ಬದಲಿಸಿ ದುಡ್ಡು ಕಳೆಯುವುದು ಯಾಕೆ. ಬೇರೆ ಗುಂಪು ಅಂದರೆ ಎಮಾಮೆಕ್ಟಿನ್ ಬೆಂಜೋಯೇಟ್ (6), ಸ್ಪೈನೆಟೋರಾಮ್ (5) ಇವೆ.

ಗೊಂದಲ ಇಷ್ಟೇ: ಹುಳಕ್ಕೆ ನಿಜವಾಗಿ ನಿರೋಧಕ ಶಕ್ತಿ ಬಂದಿದೆಯಾ, ಇಲ್ಲಾ ಬಲಿತು ಒಳಗೆ ಕೂತಿರುವುದರಿಂದ ಔಷಧಿ ತಾಗುತ್ತಿಲ್ಲವಾ? ಹೊಲದಲ್ಲೇ ಇದನ್ನು ಪತ್ತೆ ಹಚ್ಚುವುದು ಹೇಗೆ? ಬಲಿತ ಹುಳಕ್ಕೆ ಈ ಎರಡರಲ್ಲಿ ಯಾವುದು ಕೆಲಸ ಮಾಡಿತು, ಅಥವಾ ತೌಡು-ಬೆಲ್ಲದ ವಿಷ ತಿನಿಸೇ ಮೇಲಾ? ಹಾಕಿ ನೋಡಿದವರು ದಯವಿಟ್ಟು ಹೇಳಿ.