ಮೂಲೆಯ ವಿಲ್ಲಾನಾ, ಊಟದ ಹಾಲ್ ಎದುರಿನ ಫ್ಲ್ಯಾಟಾ?

ಓದುಗರ ಸ್ಪಂದನ

ಸಮಸ್ಯೆ: ಶಿವಮೊಗ್ಗದ ನಿವೃತ್ತ ಉಪನ್ಯಾಸಕರೊಬ್ಬರು ಬರೆದಿದ್ದರು. ಅವರಿಗೆ 68 ವರ್ಷ, ಮಡದಿಗೆ 64. ಮಗಳು ಟೆಕ್ಸಾಸ್‌ನಲ್ಲಿ, ಮಗ ಪುಣೆಯಲ್ಲಿ. ದೇವನಹಳ್ಳಿ ಕಡೆಯ ದೊಡ್ಡದೊಂದು ಹಿರಿಯರ ಬಡಾವಣೆಯಲ್ಲಿ, ಅಂದರೆ ಎಲ್ಲರಿಗೂ ಸೇರಿ ಊಟದ ಹಾಲ್, ನರ್ಸ್ ಇರುವಂಥ ಕಡೆ, ಮನೆ ಕೊಳ್ಳಬೇಕೆಂದಿದ್ದಾರೆ. ಆದರೆ ಯಾವ ಮನೆ ಅನ್ನುವಲ್ಲಿ ಗಂಡ ಹೆಂಡತಿಗೆ ಹೊಂದಾಣಿಕೆ ಆಗಿಲ್ಲ. ಅವರಿಗೆ ಕೊನೆಯ ಸಾಲಿನ, ಕಾಂಪೌಂಡ್ ಪಕ್ಕದ, ಕೈತೋಟ ಇರುವ ವಿಲ್ಲಾ ಇಷ್ಟ. ಮಡದಿಗೆ ಊಟದ ಹಾಲ್ ಎದುರಿನ ಮೂರನೇ ಮಹಡಿಯ ಫ್ಲ್ಯಾಟ್. ಇನ್ನೂ ಕಟ್ಟುತ್ತಿರುವ ಎರಡನೇ ಹಂತದಲ್ಲಿ ಬೆಲೆ ಕಡಿಮೆ, ಅಲ್ಲೇ ತಗೊಳ್ಳಿ ಅನ್ನುತ್ತಾನೆ ಮಗ. ಇವೆಲ್ಲ ಬಿಟ್ಟು ಕೊಯಮತ್ತೂರಿಗೆ ಬನ್ನಿ ಅನ್ನುತ್ತಾರೆ ಭಾವಮೈದ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಸರ್, ನಾನು ನಿವೃತ್ತ ನರ್ಸ್. ನೀವು ಬರೆದಂಥದ್ದೇ ಒಂದು ಬಡಾವಣೆಯಲ್ಲಿ ನಾನು, ನಮ್ಮ ಯಜಮಾನರು ಇದ್ದೇವೆ. ನಿಮ್ಮ ಪತ್ರದಲ್ಲಿ ಚದರಡಿ ಇದೆ, ಬೆಲೆ ಇದೆ, ತೋಟ ಇದೆ. ಮನೆಯಿಂದ ಊಟದ ಹಾಲ್‌ಗೆ ಎಷ್ಟು ದೂರ ಅನ್ನುವುದು ಮಾತ್ರ ಇಲ್ಲ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಅದನ್ನೇ.

ಹಾಲ್ 400 ಮೀಟರ್ ದೂರ ಅಂದುಕೊಳ್ಳಿ. ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ. ಹೋಗಿ ಬರುವುದೆಲ್ಲ ಸೇರಿ ದಿನಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ಆಯಿತು. ಇವತ್ತು ಅದು ನಿಮಗೆ ಒಳ್ಳೇ ವಾಕಿಂಗ್. ಮಂಡಿ ನೋವು ಶುರುವಾದ ಮೇಲೆ? ಅಕ್ಟೋಬರ್ ತಿಂಗಳ ಸಂಜೆ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಊರುಗೋಲು ಹಿಡಿದುಕೊಂಡು? ಇಲ್ಲಿ ನಾನು ನೋಡುತ್ತಾ ಬಂದಿರುವುದು ಇದು: ದೂರದ ಸಾಲಿನವರು ಮೊದಲು ರಾತ್ರಿ ಊಟಕ್ಕೆ ಬರುವುದು ಬಿಡುತ್ತಾರೆ. ಕ್ಯಾರಿಯರ್ ತರಿಸಿಕೊಳ್ಳುತ್ತಾರೆ. ಆಮೇಲೆ ಮಧ್ಯಾಹ್ನದ್ದೂ ಹಾಗೇ ಆಗುತ್ತದೆ. ಊಟ ಮನೆಗೆ ಬರುತ್ತದೆ, ಮಾತು ಬರುವುದಿಲ್ಲ. ನಾಲ್ಕು ಜನರ ಜೊತೆ ಕೂತು, ಸಾರಿಗೆ ಇವತ್ತು ಉಪ್ಪು ಕಡಿಮೆ ಅಂತ ಗೊಣಗುವುದಕ್ಕೇ ಅಲ್ವಾ ನಾವು ಇಂಥ ಕಡೆ ಬರುವುದು? ಬ್ಯಾಟರಿ ಗಾಡಿ ಇದೆ ಅನ್ನುತ್ತಾರೆ. ಎಷ್ಟು ಗಾಡಿ ಇವೆ, ರಾತ್ರಿ ಎಷ್ಟು ಗಂಟೆ ತನಕ ಓಡುತ್ತವೆ, ಡ್ರೈವರ್ ರಜೆ ಹಾಕಿದರೆ ಯಾರು ಬರುತ್ತಾರೆ, ಕೇಳಿ.

ಎರಡನೆಯದು ನರ್ಸ್ ಕೋಣೆ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದು ತುರ್ತು ಕರೆಯ ಗುಂಡಿ ಒತ್ತಿದರೆ ಅವರು ನಿಮ್ಮ ಬಾಗಿಲಿಗೆ ಬರಲು ಎಷ್ಟು ಹೊತ್ತು? ಕೇಳಿ ಸುಮ್ಮನಾಗಬೇಡಿ. ಒತ್ತಿಸಿ ನೋಡಿ. ಅಲ್ಲಿಂದ ಮುಂದೆ ಆಸ್ಪತ್ರೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಪಾರ್ಶ್ವವಾಯು ಬಡಿದರೆ, ಆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಹಾಗಾಗಿ "ಹತ್ತಿರದಲ್ಲೇ ಆಸ್ಪತ್ರೆ ಇದೆ" ಅನ್ನುವ ಮಾತು ಸಾಲದು. ಇಪ್ಪತ್ನಾಲ್ಕು ಗಂಟೆ ಸ್ಕ್ಯಾನ್ ಮತ್ತು ನರರೋಗ ವೈದ್ಯರು ಇರುವ ಆಸ್ಪತ್ರೆ ಯಾವುದು, ಎಷ್ಟು ದೂರ? ಯಲಹಂಕ, ಹೆಬ್ಬಾಳದ ಕಡೆ ದೊಡ್ಡ ಆಸ್ಪತ್ರೆಗಳಿವೆ. ಬಡಾವಣೆಯ ಗೇಟಿನಿಂದ ಹೆದ್ದಾರಿಗೆ ಬರುವ ರಸ್ತೆ ಹೇಗಿದೆ ಅಂತ ಕತ್ತಲಾದ ಮೇಲೆ ಒಮ್ಮೆ ಕಾರಿನಲ್ಲಿ ಹೋಗಿ ನೋಡಿ. ಬಡಾವಣೆಯದ್ದೇ ಆಂಬುಲೆನ್ಸ್ ಇದೆಯೋ, 108ಕ್ಕೆ ಕಾಯಬೇಕೋ, ಅದನ್ನೂ ತಿಳಿದುಕೊಳ್ಳಿ.

ಮೇಡಂ ಆಸೆಪಟ್ಟ ಫ್ಲ್ಯಾಟ್ ಜಾಗ ಸರಿಯಾಗಿದೆ. ಮೂರನೇ ಮಹಡಿಯ ಬಗ್ಗೆ ಮಾತ್ರ ಕೆಲವು ಪ್ರಶ್ನೆ. ಲಿಫ್ಟ್ ಎರಡು ಇರಬೇಕು. ಒಂದರಲ್ಲಾದರೂ ಸ್ಟ್ರೆಚರ್ ಮಲಗಿಸಿಯೇ ಹಿಡಿಯಬೇಕು. ಕರೆಂಟ್ ಹೋದಾಗ ಲಿಫ್ಟ್ ಜನರೇಟರ್ ಮೇಲೆ ಓಡಬೇಕು. 2019ರಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಜಾರದ ನೆಲ, ಹಿಡಿದುಕೊಳ್ಳುವ ಕಂಬಿ, ವೀಲ್‌ಚೇರ್‌ಗೆ ಅನುಕೂಲವಾದ ಲಿಫ್ಟ್, ಬ್ಯಾಕಪ್ ಕರೆಂಟ್, ಎಲ್ಲ ಅದರಲ್ಲಿವೆ. ಅದು ಮಾದರಿ ಅಷ್ಟೇ, ತಾನಾಗಿಯೇ ಕಾನೂನು ಆಗುವುದಿಲ್ಲ. ಆದರೂ ಅದರ ಪ್ರತಿ ಕೈಯಲ್ಲಿಟ್ಟುಕೊಂಡು ಮನೆ ನೋಡಿದರೆ ಏನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ. ಬಚ್ಚಲುಮನೆ ಬಾಗಿಲು ಹೊರಗೆ ತೆರೆಯುತ್ತದೋ ಒಳಗೋ, ನೋಡಿ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ಏನೂ ಮಾಡಲಾಗುವುದಿಲ್ಲ.

ಹಾಲ್‌ಗೆ ತೀರಾ ಅಂಟಿಕೊಂಡ ಮನೆಯಲ್ಲೂ ತೊಂದರೆ ಇದೆ. ಬೆಳಗಿನ ಜಾವ ಪಾತ್ರೆ ಸದ್ದು, ಒಗ್ಗರಣೆ ಘಾಟು, ತರಕಾರಿ ಗಾಡಿ. ಜನರೇಟರ್ ಎಲ್ಲಿದೆ, ಕೊಳಚೆ ನೀರು ಶುದ್ಧ ಮಾಡುವ ಘಟಕ ಎಲ್ಲಿದೆ ಅಂತ ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳಿ. ಇವನ್ನು ಸಾಮಾನ್ಯವಾಗಿ ಮೂಲೆಯಲ್ಲಿ, ಕಾಂಪೌಂಡ್ ಪಕ್ಕ ಹಾಕುತ್ತಾರೆ. ನಿಮ್ಮ ವಿಲ್ಲಾ ಕೂಡ ಅಲ್ಲೇ ಇದೆ ಅಲ್ವಾ ಸರ್?
– ಒಬ್ಬ ಓದುಗಿ, ಬೆಂಗಳೂರು ಗ್ರಾಮಾಂತರ

*

ಇಲ್ಲಿ ಕೊಯಮತ್ತೂರಿನಲ್ಲಿ ಹಿರಿಯರ ಬಡಾವಣೆಗಳು ತುಂಬಾ ಇವೆ, ಹಳೆಯವೂ ಇವೆ. ಅದು ದೊಡ್ಡ ಅನುಕೂಲ. ಯಾಕೆಂದರೆ ವರ್ಷಗಳಿಂದ ಅಲ್ಲೇ ಇರುವವರನ್ನು ಮಾತಾಡಿಸಬಹುದು. ಪಾಲಕ್ಕಾಡ್ ಕಣಿವೆಯ ಗಾಳಿ ಬೀಸುವ ತಿಂಗಳುಗಳಲ್ಲಿ ಹವೆ ಹಿತವಾಗಿರುತ್ತದೆ. ಆಸ್ಪತ್ರೆಗಳಿಗೂ ಕೊರತೆ ಇಲ್ಲ. ಬೆಂಗಳೂರು ದಂಡು ನಿಲ್ದಾಣಕ್ಕೆ 2023ರ ಕೊನೆಯಿಂದ ವಂದೇ ಭಾರತ್ ರೈಲೂ ಇದೆ.

ಆದರೆ ಒಂದು ಮಾತು. ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳು ಈ ಊರಲ್ಲಿ ತಲೆಮಾರುಗಳಿಂದ ಇವೆ, ನಮ್ಮದೂ ಅಂಥದ್ದೇ. ಬಡಾವಣೆಯಲ್ಲಿ ಕೆಲಸ ಮಾಡುವವರು ಮಾತ್ರ ತಮಿಳು ಮಾತಾಡುತ್ತಾರೆ. ಗಟ್ಟಿಮುಟ್ಟಾಗಿದ್ದಾಗ ಭಾಷೆ ಕಲಿಯಬಹುದು, ಕೈಸನ್ನೆಯಲ್ಲೂ ನಡೆಯುತ್ತದೆ. ಜ್ವರ ಬಂದು ಮಲಗಿದಾಗ ಎಲ್ಲಿ ನೋವು, ಎಂಥ ನೋವು ಅಂತ ನಮ್ಮ ಮಾತಲ್ಲೇ ಹೇಳಬೇಕು ಅನ್ನಿಸುತ್ತದೆ. ನಿಮ್ಮ ಮನೆಯವರಿಗೆ ತಮಿಳು ಬರುತ್ತದಾ? ಇಲ್ಲ ಅಂದರೆ ದೇವನಹಳ್ಳಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಭಾವಮೈದನವರು ಬೇಜಾರು ಮಾಡಿಕೊಳ್ಳಬಾರದು.
– ಒಬ್ಬ ಓದುಗರು, ಕೊಯಮತ್ತೂರು

*

ಮಾನ್ಯರೇ, ವಕೀಲನಾಗಿ ನಾನು ಹೇಳುವುದು ಮಗನವರ ಸಲಹೆಯ ಬಗ್ಗೆ. ಎರಡನೇ ಹಂತದಲ್ಲಿ ಬೆಲೆ ಕಡಿಮೆ, ನಿಜ. ಆದರೆ ಕಟ್ಟುತ್ತಿರುವ ಮನೆಗೆ ಸಾಮಾನ್ಯವಾಗಿ 5% ಜಿಎಸ್‌ಟಿ ಇದೆ. ಕಟ್ಟಡ ಪೂರ್ಣಗೊಂಡಿದೆ ಅನ್ನುವ ಪ್ರಮಾಣಪತ್ರ ಸಿಕ್ಕ ಮೇಲೆ ಕೊಂಡರೆ ಇಲ್ಲ. ಆ ಮೊತ್ತ ಸೇರಿಸಿ ಹೋಲಿಸಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ, ನೋಂದಾಯಿತ ಒಪ್ಪಂದ ಆಗುವ ಮೊದಲು ಬಿಲ್ಡರ್ ಬೆಲೆಯ 10% ಮೀರಿ ಹಣ ಪಡೆಯುವ ಹಾಗಿಲ್ಲ. ಕೊಂಡವರ ಹಣದಲ್ಲಿ 70% ಬೇರೆ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಕೇಳುವ ಹಕ್ಕು ನಿಮಗಿದೆ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ಮನೆ ಕೈಗೆ ಬಂದ 5 ವರ್ಷದ ತನಕ ಬಿಲ್ಡರೇ ಸರಿಪಡಿಸಬೇಕು. ಎರಡನೇ ಹಂತಕ್ಕೆ ಬೇರೆಯೇ ರೇರಾ ನೋಂದಣಿ ಸಂಖ್ಯೆ ಇರಬೇಕು. ಮೊದಲ ಹಂತದ ಸಂಖ್ಯೆ ತೋರಿಸಿದರೆ ಒಪ್ಪಬೇಡಿ.

ಇಷ್ಟೆಲ್ಲ ರಕ್ಷಣೆ ಇದ್ದರೂ 68ರ ವಯಸ್ಸಿನಲ್ಲಿ ಕಟ್ಟುತ್ತಿರುವ ಮನೆಗೆ ಹಣ ಹಾಕಿ ಅಂತ ನಾನು ಹೇಳುವುದಿಲ್ಲ. ಕಾನೂನು ಬಡ್ಡಿ ಕೊಡಿಸಬಹುದು. ಕಾದ ವರ್ಷಗಳನ್ನು ಯಾರು ಕೊಡುತ್ತಾರೆ?

ಸಿದ್ಧ ಮನೆಯೇ ಆದರೂ ಭೂ ಪರಿವರ್ತನೆ ಆದೇಶ, ಋಣಭಾರ ಪತ್ರ, ಇ-ಖಾತಾ, ವಾಸಯೋಗ್ಯ ಪ್ರಮಾಣಪತ್ರ, ಎಲ್ಲವನ್ನೂ ಬಿಲ್ಡರ್‌ಗೆ ಸಂಬಂಧ ಇಲ್ಲದ ವಕೀಲರಿಂದ ಓದಿಸಿ. ನಂತರ ಸೇವೆಯ ಒಪ್ಪಂದ ಓದಿ. ಇಂಥ ಬಡಾವಣೆಗಳಲ್ಲಿ ಮನೆ ಕಟ್ಟುವವರು ಒಬ್ಬರು, ಊಟ, ನರ್ಸ್, ಸ್ವಚ್ಛತೆ ನೋಡಿಕೊಳ್ಳುವವರು ಇನ್ನೊಬ್ಬರು ಇರುವುದುಂಟು. ಎರಡನೆಯವರು ಬಿಟ್ಟುಹೋದರೆ ಏನು ಗತಿ? ಬಿಲ್ಡರ್, ಸೇವೆ ಕೊಡುವವರು, ಕೊಳ್ಳುವವರು, ಮೂವರೂ ಸಹಿ ಹಾಕುವ ಒಪ್ಪಂದ ಇರಲಿ ಅಂತ ಕೇಂದ್ರದ ಮಾರ್ಗಸೂಚಿಯೂ ಹೇಳುತ್ತದೆ. ತಿಂಗಳ ಮೆಯಿಂಟೆನೆನ್ಸ್ ವರ್ಷಕ್ಕೆ ಎಷ್ಟು ಏರಬಹುದು ಅನ್ನುವುದು ಬರಹದಲ್ಲಿರಲಿ. ಸಂಘ ವಸೂಲಿ ಮಾಡುವ ಮೆಯಿಂಟೆನೆನ್ಸ್ ಒಬ್ಬರಿಗೆ ತಿಂಗಳಿಗೆ 7,500 ರೂಪಾಯಿ ದಾಟಿದರೆ 18% ಜಿಎಸ್‌ಟಿ ಸೇರಬಹುದು. ವಿಲ್ಲಾಗಳಿಗೆ ಚದರಡಿ ಲೆಕ್ಕದಲ್ಲಿ ಇದು ಬೇಗ ದಾಟುತ್ತದೆ.

ಇನ್ನು ಹೆಸರು. ಮನೆ ನಿಮ್ಮೊಬ್ಬರ ಹೆಸರಲ್ಲಿದ್ದು, ವಿಲ್ ಬರೆಯದೇ ನೀವು ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಪತ್ನಿಗೆ ಸಿಗುವುದು ಒಂದು ಪಾಲು ಮಾತ್ರ. ಇಬ್ಬರು ಮಕ್ಕಳಿಗೂ ಅಷ್ಟಷ್ಟೇ ಪಾಲು, ತಾಯಿ ಬದುಕಿದ್ದರೆ ಅವರಿಗೂ. ಮಕ್ಕಳು ಒಳ್ಳೆಯವರೇ ಇರಬಹುದು. ಆದರೂ ಮೇಡಂ ಆ ಮನೆ ಮಾರಬೇಕಾದರೆ ಟೆಕ್ಸಾಸ್‌ನಿಂದ ಕಾಗದ ಬರಬೇಕಾಗುತ್ತದೆ. ಕ್ರಯಪತ್ರ ಇಬ್ಬರ ಹೆಸರಲ್ಲೂ ಆಗಲಿ, ಇಬ್ಬರೂ ವಿಲ್ ಬರೆಯಿರಿ. ವಿಲ್‌ಗೆ ನೋಂದಣಿ ಕಡ್ಡಾಯ ಅಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಮುಂದೆ ಮಾರುವಾಗ ಇಂಥ ವಯಸ್ಸು ಮೀರಿದವರಿಗೇ ಮಾರಬೇಕು, ಇಷ್ಟು ವರ್ಗಾವಣೆ ಶುಲ್ಕ ಕಟ್ಟಬೇಕು ಅನ್ನುವ ಷರತ್ತು ಇದೆಯಾ ಅಂತಲೂ ನೋಡಿ.
– ಒಬ್ಬ ವಕೀಲರು, ತುಮಕೂರು

*

ಮೇಷ್ಟ್ರೇ, ನಿಮಗಿಂತ ಹತ್ತು ವರ್ಷ ದೊಡ್ಡವನು ಅನ್ನುವ ಸಲಿಗೆಯಿಂದ ಬರೆಯುತ್ತಿದ್ದೇನೆ. ಎಲ್ಲರೂ ನಿಮ್ಮ ಮನೆಯವರ ಪರವಾಗಿಯೇ ಹೇಳುತ್ತಾರೆ, ನನಗೆ ಗೊತ್ತು. ನಾನು ನಿಮ್ಮ ತೋಟದ ಪರ. ಮಲೆನಾಡಿನಲ್ಲಿ ಬೆಳೆದವರಿಗೆ ಬೆಳಿಗ್ಗೆ ಎದ್ದು ಮಣ್ಣು ಮುಟ್ಟದೇ ಇರುವುದು ಎಂಥ ಕಷ್ಟ ಅನ್ನುವುದು ನನಗೂ ಗೊತ್ತು. ಅದು ಸಣ್ಣ ಆಸೆ ಅಲ್ಲ, ಬಿಡಬೇಡಿ. ಆದರೆ ತೋಟಕ್ಕೆ ವಿಲ್ಲಾನೇ ಬೇಕಾ? ಹಾಲ್‌ಗೆ ಹತ್ತಿರ ಇರುವ ನೆಲಮಹಡಿಯ ಫ್ಲ್ಯಾಟ್ ಇದೆಯಾ ಕೇಳಿ. ಕೆಲವು ಕಡೆ ನೆಲಮಹಡಿಯವರಿಗೆ ಹಿಂದೆ ಸ್ವಲ್ಪ ಜಾಗ ಇರುತ್ತದೆ. ಇಲ್ಲದಿದ್ದರೆ ಬಡಾವಣೆಯ ತೋಟದಲ್ಲೇ ಒಂದೆರಡು ಮಡಿ ಬಿಟ್ಟುಕೊಡಿ ಅಂತ ಕೇಳಿ. ಅಲ್ಲಿ ನೀವು ಬೆಳೆದ ಬಸಳೆ ಸೊಪ್ಪು ಹಾಲ್‌ನ ಅಡುಗೆಗೇ ಹೋಗಲಿ. ಲಿಫ್ಟಿನ ಚಿಂತೆಯೂ ತಪ್ಪುತ್ತದೆ.

ತೋಟ ಅಂದಮೇಲೆ ನೀರು. ದೇವನಹಳ್ಳಿ ತಾಲ್ಲೂಕಿನಲ್ಲಿ ಅಂತರ್ಜಲವನ್ನು ಮಿತಿಮೀರಿ ಬಳಸಲಾಗಿದೆ. ಅಲ್ಲಿನ ಕೆರೆಗಳಿಗೆ ಹೆಬ್ಬಾಳ–ನಾಗವಾರ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಸುತ್ತಿದ್ದಾರೆ ಅಂದರೆ ಪರಿಸ್ಥಿತಿ ಊಹಿಸಿಕೊಳ್ಳಿ. ಎಷ್ಟು ಬೋರ್‌ವೆಲ್ ಇವೆ, ಅವುಗಳಲ್ಲಿ ನೀರಿರುವುದು ಎಷ್ಟು, 2024ರ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸಿದರು, ಆ ಖರ್ಚು ಯಾರ ಮೇಲೆ ಬಿತ್ತು? ಇದನ್ನು ಮಾರಾಟದ ಆಫೀಸಿನಲ್ಲಿ ಕೇಳಬೇಡಿ. ಕಟ್ಟೆ ಮೇಲೆ ಕೂತಿರುವ ನಿವಾಸಿಗಳನ್ನು ಕೇಳಿ.

ವಿಮಾನದ ಸದ್ದನ್ನೂ ಗಮನಿಸಿ. ದೇವನಹಳ್ಳಿ ವಿಮಾನ ನಿಲ್ದಾಣದ ಎರಡೂ ರನ್‌ವೇ ಪೂರ್ವ–ಪಶ್ಚಿಮವಾಗಿವೆ. ನಿಲ್ದಾಣದ ಪೂರ್ವಕ್ಕೋ ಪಶ್ಚಿಮಕ್ಕೋ ನೇರವಾಗಿ ಇರುವ ಬಡಾವಣೆಗೆ ಸದ್ದು ಜಾಸ್ತಿ. ವಿಮಾನಗಳು ರಾತ್ರಿಯೂ ಹಾರುತ್ತವೆ.

ಆದ್ದರಿಂದ ಮೊದಲು ಅಲ್ಲೇ ಬಾಡಿಗೆಗೆ ಇರಿ. ಮಾರ್ಚ್‌ನಿಂದ ಮೇ ತನಕ ಇದ್ದರೆ ನೀರು, ಸೆಕೆ, ಸದ್ದು, ಊಟ, ಎಲ್ಲ ತಿಳಿಯುತ್ತದೆ. ಶಿವಮೊಗ್ಗದ ಮನೆಯನ್ನು ಈಗಲೇ ಮಾರಬೇಡಿ. ಆದರೆ ಲೆಕ್ಕ ತಪ್ಪಬೇಡಿ. ಹಳೇ ಮನೆ ಮಾರಿದ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕಾದರೆ, ಮಾರಿದ 2 ವರ್ಷದೊಳಗೆ ಹೊಸದನ್ನು ಕೊಳ್ಳಬೇಕು. ಹೊಸದನ್ನೇ ಮೊದಲು ಕೊಂಡರೆ, ಹಳೆಯದನ್ನು 1 ವರ್ಷದೊಳಗೆ ಮಾರಬೇಕು. ಒಬ್ಬ ಒಳ್ಳೇ ಆಡಿಟರ್ ಹತ್ತಿರ ಕೂತು ಮಾತಾಡಿ.
– ಒಬ್ಬ ಹಿರಿಯ ಓದುಗರು, ಮೈಸೂರು

*

ನಾನು ನಿಮ್ಮ ಮಗಳ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ ಅಂಕಲ್. ನನ್ನ ಅಪ್ಪ ಅಮ್ಮ ಇಂಥ ಕಡೆಯೇ ಇದ್ದಾರೆ, ನಾನು ದೂರದೇಶದಲ್ಲಿದ್ದೇನೆ. ಮಕ್ಕಳು, ಮೊಮ್ಮಕ್ಕಳು ಬಂದರೆ ಎಷ್ಟು ದಿನ ಇರಬಹುದು ಅನ್ನುವ ನಿಯಮ ಕೇಳಿ. ಕೆಲವು ಬಡಾವಣೆಗಳಲ್ಲಿ ಮಿತಿ ಇರುತ್ತದೆ. ನಾವು ಬಂದರೆ ತಿಂಗಳುಗಟ್ಟಲೆ ಇರಲು ಬರುವವರು. ಎರಡು ಬೆಡ್‌ರೂಮ್ ಇರಲಿ. ಅದು ನಮಗೆ ಮಾತ್ರ ಅಲ್ಲ. ನಿಮ್ಮಲ್ಲಿ ಒಬ್ಬರಿಗೆ ಆಪರೇಷನ್ ಆದರೆ ರಾತ್ರಿ ನೋಡಿಕೊಳ್ಳುವವರು ಮಲಗಲು ಕೋಣೆ ಬೇಕಾಗುತ್ತದೆ. ಹಾಗೆ ಹೊರಗಿನವರನ್ನು ಇಟ್ಟುಕೊಳ್ಳಲು ಬಿಡುತ್ತಾರಾ, ಅದಕ್ಕೆ ಬೇರೆ ಶುಲ್ಕ ಇದೆಯಾ ಅಂತಲೂ ಕೇಳಿ.

ಇನ್ನೊಂದು. ಮನೆ ನೋಡಲು ಹೋದಾಗ ಆಂಟಿಯನ್ನು ಒಮ್ಮೆ ನೀವಿಲ್ಲದೇ ಅಲ್ಲಿ ಒಂದು ದಿನ ಇರಲು ಬಿಡಿ. ಒಬ್ಬರೇ ಊಟಕ್ಕೆ ಹೋಗಲಿ, ಒಬ್ಬರೇ ವಾಪಸ್ ಬರಲಿ. ಆಮೇಲೆ ಯಾವ ಮನೆ ಅಂತ ಅವರನ್ನೇ ಕೇಳಿ. ಅದೇ ರೀತಿ ನೀವೂ ಒಬ್ಬರೇ ಒಂದು ದಿನ ಇದ್ದು ನೋಡಿ.
– ಒಬ್ಬ ಓದುಗಿ, ಸಿಂಗಪುರ